ಮನೆಗೆ ಹೋಗುವ ದಾರಿಗೆ ಅವರ ಹೆಸರು

ಮಂಗಳೂರಿನಿಂದ ಬರುವಾಗ ಮಾಣಿಯಲ್ಲಿ ಬಲಕ್ಕೆ ತಿರುಗುವ ಹೆದ್ದಾರಿ ಕಬಕ, ಪುತ್ತೂರು, ಕುಂಬ್ರ, ಕಾವು, ಜಾಲ್ಸೂರು, ಸುಳ್ಯ, ಅರಂತೋಡುಗಳನ್ನು ದಾಟಿ ಸಂಪಾಜೆಯಲ್ಲಿ ಘಟ್ಟ ಹತ್ತುತ್ತದೆ. ಹತ್ತಿ ಮೇಲೆ ಬಂದರೆ ಮಡಿಕೇರಿ. ಬಸ್ಸು ಆ ಪೇಟೆಯೊಳಗೆ ಹೊಕ್ಕಿತೆಂದರೆ ಸೈನಿಕರ ಹೆಸರುಗಳು ಶುರುವಾಗುತ್ತವೆ. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಮೇಜರ್ ಮಂಗೇರಿರ ಮುತ್ತಣ್ಣ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಒಂದೊಂದು ತಿರುವಿನಲ್ಲಿ ಒಬ್ಬೊಬ್ಬರು ನಿಂತಿದ್ದಾರೆ. ಅದೇ ರಸ್ತೆಯಲ್ಲಿ ಘಟ್ಟ ಇಳಿದು ಕೆಳಗೆ ಬಂದರೆ, ದಾರಿ ಕೇಳಿದವನಿಗೆ ದಾರಿ ಹೇಳುವಾಗ ಸೈನಿಕನೊಬ್ಬನ ಹೆಸರು ಹಾಗೆ ಸಲೀಸಾಗಿ ಬಾಯಿಗೆ ಬರುವುದಿಲ್ಲ. ಈ ಕಡೆ ಸೈನಿಕರಿಲ್ಲ ಎಂದು ಅದರ ಅರ್ಥವಲ್ಲ. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ "ಮಿಲಿಟ್ರಿಯವರ ಮನೆ" ಎಂದರೆ ಗುರುತು ಹತ್ತುವ ಮನೆಗಳು ಬಹಳ ಇವೆ. ಪುತ್ತೂರಿನಲ್ಲಿ ಸೋಮವಾರದ ಸಂತೆ ನಡೆಯುವ ಕಿಲ್ಲೆ ಮೈದಾನದ ಬಳಿ ಅಮರ್ ಜವಾನ್ ಜ್ಯೋತಿ ಸ್ಮಾರಕವೂ ಇದೆ. ಅದು ಎಲ್ಲ ಯೋಧರಿಗೂ ಸೇರಿದ್ದು. ಒಬ್ಬೊಬ್ಬ ಯೋಧನಿಗೆ ಅವನ ಸ್ವಂತ ಊರು ಏನು ಮಾಡಿದೆ ಎಂಬ ಪ್ರಶ್ನೆ ಬೇರೆಯೇ ಇದೆ.

ಆ ಪ್ರಶ್ನೆಗೆ ನನ್ನದೊಂದು ಉತ್ತರವಿದೆ. ಕರ್ತವ್ಯದಲ್ಲಿದ್ದಾಗ ಪ್ರಾಣ ಕೊಟ್ಟ ಈ ಮೂರು ತಾಲೂಕುಗಳ ಯೋಧರ ಹೆಸರನ್ನು ಅವರವರ ಊರಿನ ರಸ್ತೆಗೆ ಇಡಬೇಕು. ಪೇಟೆಯ ಅಗಲದ ರಸ್ತೆಗೆ ಬೇಡ. ಮುಖ್ಯರಸ್ತೆ ಬಿಟ್ಟು ತೋಟದ ಬದಿಯಲ್ಲಿ ಇಳಿದು ಅವರ ಮನೆಯ ಅಂಗಳದ ಹತ್ತಿರ ಹೋಗುವ ಆ ಸಣ್ಣ ರಸ್ತೆಗೆ ಇಡಬೇಕು. ಯಾಕೆ ಎಂದು ಹೇಳುವ ಮೊದಲು ಘಟ್ಟದ ಮೇಲಿನ ಆ ದೇವಯ್ಯನವರ ಕತೆಯನ್ನು ಸ್ವಲ್ಪ ಹೇಳಬೇಕು. ಹೆಸರು ಎಷ್ಟು ಸುಲಭವಾಗಿ ಕಳೆದುಹೋಗುತ್ತದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟಿಯರ್ ವಿಮಾನಗಳ ತಂಡದಲ್ಲಿ ಅಜ್ಜಮಾಡ ದೇವಯ್ಯ ಹೆಚ್ಚುವರಿಯಾಗಿ ಕಾದು ನಿಂತವರು. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕಾದವರು. ಆದರೂ ಹೋದರು, ವಾಪಸು ಬರಲಿಲ್ಲ. ನಮ್ಮ ವಾಯುಪಡೆಯ ಕಡತದಲ್ಲಿ ಅವರು ಕಾಣೆಯಾದವರು ಎಂದಷ್ಟೇ ದಾಖಲಾಯಿತು. ಆ ಆಕಾಶದಲ್ಲಿ ಏನು ನಡೆಯಿತೆಂದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ಪಾಕಿಸ್ತಾನದ ವಾಯುಪಡೆಯ ಬಗ್ಗೆ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಸಂಗತಿ ಹೊರಬಿತ್ತು. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದ ಏಟು ತಿಂದ ಮೇಲೂ ಒಬ್ಬ ಭಾರತೀಯ ಪೈಲಟ್ ತಿರುಗಿ ಬಿದ್ದು ಅದನ್ನು ಉರುಳಿಸಿದ್ದ. ಪಾಕಿಸ್ತಾನದ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ, ನಮ್ಮ ಪೈಲಟ್ ಬದುಕಲಿಲ್ಲ. ಆತ ದೇವಯ್ಯನವರೇ ಎಂಬುದು ಲೆಕ್ಕ ಹಾಕಿದಾಗ ಖಚಿತವಾಯಿತು. 1988ರಲ್ಲಿ, ಎಂದರೆ 23 ವರ್ಷದ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ದೇಹ ಮಾತ್ರ ಕೊಡಗಿಗೆ ಬರಲೇ ಇಲ್ಲ. ಇಂದು ಮಡಿಕೇರಿಯ ವೃತ್ತದಲ್ಲಿ ನಿಂತಿರುವ ಪ್ರತಿಮೆಯೇ ಅವರು ಊರಿಗೆ ಮರಳಿದ ರೀತಿ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪುತ್ತೂರಿಗೆ ತಾಗಿಕೊಂಡ ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯ ಏಕನಾಥ ಶೆಟ್ಟಿಯವರನ್ನು ನೆನೆಯೋಣ. ಸೇನೆಯಲ್ಲಿ ದುಡಿದ ಮೇಲೆ ರಕ್ಷಣಾ ಭದ್ರತಾ ಪಡೆ ಸೇರಿದ್ದ ಅವರು 2016ರ ಜುಲೈ 22ರಂದು ಚೆನ್ನೈಯ ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನದಲ್ಲಿದ್ದರು. ಒಟ್ಟು 29 ಮಂದಿ. ಬಂಗಾಳ ಕೊಲ್ಲಿಯ ಮೇಲೆ ವಿಮಾನ ರೇಡಾರಿನಿಂದ ಮರೆಯಾಯಿತು. ಹಡಗು, ವಿಮಾನ, ಜಲಾಂತರ್ಗಾಮಿ ಎಲ್ಲವೂ ಹುಡುಕಿದವು. ಮನೆಯವರು ಕಾದರು. ಕೊನೆಗೆ 2024ರ ಜನವರಿಯಲ್ಲಿ, ಚೆನ್ನೈ ಕರಾವಳಿಯಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ವಿಮಾನದ ಅವಶೇಷದ ಚಿತ್ರಗಳು ಸಿಕ್ಕಿವೆ ಎಂದು ರಕ್ಷಣಾ ಸಚಿವಾಲಯ ತಿಳಿಸಿತು. ಏಳೂವರೆ ವರ್ಷ ಕಳೆದಿತ್ತು. ಅಷ್ಟು ಆಳದಿಂದ ಯಾರನ್ನು ಮೇಲೆ ತರುವುದು?

ಗುಂಡಿಗೆ ಬಲಿಯಾದ ಯೋಧನ ಪಾರ್ಥಿವ ಶರೀರ ಊರಿಗೆ ಬಂದರೆ ಅಂಗಳದಲ್ಲಿ ಇಡುತ್ತಾರೆ, ಶಾಲೆಯ ಮೈದಾನದಲ್ಲಿ ಸಾರ್ವಜನಿಕ ದರ್ಶನ, ಪೊಲೀಸರ ಕುಶಾಲು ತೋಪು, ಮಡಚಿದ ತ್ರಿವರ್ಣ ಧ್ವಜವನ್ನು ಮನೆಯವರ ಕೈಗೆ ಕೊಡುತ್ತಾರೆ. ದಹನವಾದ ಜಾಗಕ್ಕೊಂದು ಗುರುತಿರುತ್ತದೆ. ಸಮುದ್ರದಲ್ಲಿ, ಹಿಮದಡಿಯಲ್ಲಿ, ಗಡಿಯಾಚೆ ಹೋದವರ ಮನೆಗೆ ಅದೂ ಇಲ್ಲ. ಇಂಥವರ ಅಪ್ಪ, ಅಮ್ಮ, ಹೆಂಡತಿ, ಮಕ್ಕಳಿಗೆ ಹೋಗಿ ನಿಲ್ಲಲು, ಕೈಯಿಟ್ಟು ಮುಟ್ಟಲು ಒಂದು ಕಲ್ಲು ಬೇಕು. ಊರಿನ ರಸ್ತೆಯ ಬಾಯಿಯಲ್ಲಿ ನೆಟ್ಟ ಒಂದು ಕಲ್ಲಿನಲ್ಲಿ ಮಗನ ಹೆಸರು, ಹುಟ್ಟಿದ ವರ್ಷ, ಹೋದ ದಿನ, ಹೋದ ಜಾಗ ಇದ್ದರೆ ಸಾಕು. ರಸ್ತೆಗೆ ಹೆಸರಿಡುವುದನ್ನು ನಾನು ಗೌರವ ಸಮಾರಂಭದ ಬಾಬತ್ತಾಗಿ ನೋಡುತ್ತಿಲ್ಲ. ಅದು ಆ ಮನೆಗೆ ಊರು ಕೊಡಬೇಕಾದ ಒಂದು ಜಾಗ.

ತುಳುನಾಡಿಗೆ ಈ ವಿಷಯವನ್ನು ಹೊರಗಿನವರು ಬಂದು ಕಲಿಸಬೇಕಾದ್ದಿಲ್ಲ. ಕೋಟಿ ಚೆನ್ನಯರು ಇದೇ ಮಣ್ಣಿನವರು. ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಅವರ ಕತೆ ಹುಟ್ಟುತ್ತದೆ, ಪಂಜದಲ್ಲಿ ತಿರುಗುತ್ತದೆ, ಎಣ್ಮೂರಿನಲ್ಲಿ ಮುಗಿಯುತ್ತದೆ. ಯುದ್ಧದಲ್ಲಿ ಮಡಿದ ಆ ಅವಳಿಗಳಿಗೆ ಎಷ್ಟೋ ಊರುಗಳು ಗರೋಡಿ ಕಟ್ಟಿದವು, ದೀಪ ಹಚ್ಚಿದವು, ವರ್ಷಕ್ಕೊಮ್ಮೆ ನೇಮ ಕೊಟ್ಟವು. ಗಮನಿಸಬೇಕಾದದ್ದು ಏನೆಂದರೆ, ಅವರ ಹೆಸರನ್ನು ಮಾತ್ರ ಉಳಿಸಿಕೊಂಡು ನಮ್ಮವರು ಸುಮ್ಮನಾಗಲಿಲ್ಲ. ಪಾಡ್ದನದಲ್ಲಿ ಕತೆಯನ್ನೂ ಉಳಿಸಿದರು. ಯಾರ ಮಕ್ಕಳು, ಯಾರಿಗೆ ಎದುರು ನಿಂತರು, ಬಾಣ ಯಾವ ದಿಕ್ಕಿನಿಂದ ಬಂತು, ಅಣ್ಣ ಹೋದ ಮೇಲೆ ತಮ್ಮ ಏನು ಮಾಡಿದ, ಎಲ್ಲವೂ ಇಂದಿಗೂ ಊರಿಗೆ ಗೊತ್ತು.

ಘಟ್ಟದ ಮೇಲೆ ಇದೇ ಕೆಲಸವನ್ನು ವೀರಗಲ್ಲುಗಳು ಮಾಡಿವೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಕಾಲದ ಒಂದು ವೀರಗಲ್ಲಿದೆ. ಬೆಂಗಳೂರಿನಲ್ಲಿ ನಡೆದ ಕಾಳಗವೊಂದರಲ್ಲಿ ಬುಟ್ಟನಸೆಟ್ಟಿ ಎಂಬಾತ ಸತ್ತ ಎಂದು ಅದು ಹೇಳುತ್ತದೆ. ಬೆಂಗಳೂರು ಎಂಬ ಊರಿನ ಹೆಸರು ಅಷ್ಟು ಹಿಂದೆಯೇ ಇತ್ತೆಂದು ನಮಗೆ ಗೊತ್ತಾದದ್ದು ಆ ಕಲ್ಲಿನಿಂದಲೇ. ಸತ್ತ ಸೈನಿಕನ ಕಲ್ಲು ರಾಜಧಾನಿಯ ಹೆಸರನ್ನು ಕಾದಿಟ್ಟಿತು. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳೂ ಕನ್ನಡದಲ್ಲಿ ಬೇಕಾದಷ್ಟಿವೆ. ನೆತ್ತರುಗೊಡಗಿ ಎಂದು ಅದಕ್ಕೆ ಹೆಸರೇ ಇತ್ತು. ಕಲ್ಲು ಒಂದು ಕಡೆ, ಕುಟುಂಬದ ಜೀವನ ಇನ್ನೊಂದು ಕಡೆ, ಎರಡನ್ನೂ ಆ ಕಾಲದ ಊರು ಒಟ್ಟಿಗೇ ನೋಡಿಕೊಂಡಿತ್ತು.

ಬ್ರಿಟಿಷರ ಕಾಲದಲ್ಲಿ ಬೇರೊಂದು ರೀತಿಯ ಕಲ್ಲು ಬಂತು. ಮೊದಲ ಮಹಾಯುದ್ಧದ ನಂತರ ಭಾರತದ ಹಲವು ಹಳ್ಳಿಗಳಲ್ಲಿ ನೆಟ್ಟ ಫಲಕಗಳಲ್ಲಿ ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಇಷ್ಟು ಜನ ಸತ್ತರು ಎಂದು ಬರೆದಿದೆ. ಬರೀ ಲೆಕ್ಕ. ಯಾರು ಎಂದು ಇಲ್ಲ. ನೂರು ವರ್ಷ ಕಳೆದ ಮೇಲೆ ಅಂಥ ಫಲಕದ ಎದುರು ನಿಂತ ಮೊಮ್ಮಗನಿಗೆ ತನ್ನ ಅಜ್ಜ ಆ ಸಂಖ್ಯೆಯಲ್ಲಿ ಸೇರಿದ್ದಾನೋ ಇಲ್ಲವೋ ಹೇಳಲು ಬರುವುದಿಲ್ಲ. ಸ್ವತಂತ್ರ ಭಾರತ ಆ ತಪ್ಪನ್ನು ತಿದ್ದಿತು, ಆದರೆ ತಡವಾಗಿ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25,942 ಯೋಧರ ಹೆಸರುಗಳನ್ನು ಕೆತ್ತಲಾಯಿತು. ದೊಡ್ಡ ಕೆಲಸ. ಆದರೆ ಕೊಲ್ಲಮೊಗ್ರುವಿನಿಂದಲೋ ಈಶ್ವರಮಂಗಲದಿಂದಲೋ ಹೊರಟು ದೆಹಲಿಗೆ ಹೋಗಿ ಆ ಹೆಸರನ್ನು ಓದಿ ಬರುವವರು ಎಷ್ಟು ಮಂದಿ?

ಇನ್ನು ಸಣ್ಣ ರಸ್ತೆಯೇ ಯಾಕೆ ಎಂಬುದು. ಬೆಂಗಳೂರಿನ ರಿಚ್‌ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಎಂಬ ಹೆಸರಿದೆ. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಎಂಬ ಹೆಸರಿದೆ. ಆಟೊ ಹತ್ತಿ ಕಾರ್ಯಪ್ಪ ರಸ್ತೆಗೆ ಬಿಡಿ ಎಂದು ಹೇಳಿ ನೋಡಿ. ಚಾಲಕ ಒಂದು ಕ್ಷಣ ತಡೆದೇ ತಡೆಯುತ್ತಾನೆ. ಒಂದು ರಸ್ತೆಗೆ ಜನರ ನಾಲಗೆಯಲ್ಲಿ ಆಗಲೇ ಹೆಸರು ಕುಳಿತಿದ್ದರೆ ಸರಕಾರಿ ಆದೇಶದಿಂದ ಅದನ್ನು ಎಬ್ಬಿಸಲು ಆಗುವುದಿಲ್ಲ. ಅದೇ ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಆ ದ್ವೀಪದ ಲಾರ್ನಕಾ ನಗರದಲ್ಲಿ ಅವರ ಹೆಸರಿನ ಉದ್ದನೆಯ ರಸ್ತೆಯಿದೆ. ಅಂಗಡಿ, ಮನೆ, ಕಚೇರಿಗಳ ವಿಳಾಸದಲ್ಲಿ ಗ್ರೀಕ್ ಅಕ್ಷರಗಳಲ್ಲಿ ನಮ್ಮ ಕೊಡಗಿನ ತಿಮ್ಮಯ್ಯ ದಿನವೂ ಬರುತ್ತಾರೆ. ಅಲ್ಲಿ ಹೆಸರು ನಿಂತಿತು, ಯಾಕೆಂದರೆ ಅದು ವಿಳಾಸವಾಯಿತು.

ನಮ್ಮಲ್ಲೂ ಉದಾಹರಣೆ ಇದೆ. ಸುಳ್ಯದಲ್ಲಿ ಕುರುಂಜಿಬಾಗ್ ಎಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಕುರುಂಜಿ ವೆಂಕಟ್ರಮಣ ಗೌಡರ ಹೆಸರು ಅಲ್ಲಿ ನೆಲೆಗೊಂಡದ್ದು ಕಾಲೇಜಿಗೆ ಬರುವ ಮಕ್ಕಳು, ಆಸ್ಪತ್ರೆಗೆ ಬರುವ ರೋಗಿಗಳು, ಬಸ್ಸಿನ ಕಂಡಕ್ಟರುಗಳು ಅದನ್ನು ದಿನಾ ಬಳಸಿದ್ದರಿಂದ. ಇದಕ್ಕೆ ತದ್ವಿರುದ್ಧವಾದದ್ದನ್ನು ಮಂಗಳೂರು 2017ರಲ್ಲಿ ಕಂಡಿತು. ಲೈಟ್‌ಹೌಸ್ ಹಿಲ್ ರಸ್ತೆಗೆ ವಿಜಯಾ ಬ್ಯಾಂಕಿನ ಮೂಲ್ಕಿ ಸುಂದರರಾಮ ಶೆಟ್ಟರ ಹೆಸರಿಡಲು ಹೊರಟಾಗ ಅಲ್ಲಿರುವ ಕಾಲೇಜಿನ ಹೆಸರೇ ರಸ್ತೆಗೆ ಇರಬೇಕೆನ್ನುವವರು ಎದುರು ನಿಂತರು. ಸರಕಾರ ತಡೆಯಾಜ್ಞೆ ಕೊಟ್ಟಿತು, ಪ್ರತಿಭಟನೆಗಳಾದವು. ಸುಂದರರಾಮ ಶೆಟ್ಟರ ಸಾಧನೆಗಾಗಲಿ, ಆ ರಸ್ತೆಯ ಕಾಲೇಜಿನ ಇತಿಹಾಸಕ್ಕಾಗಲಿ ಆ ಜಗಳದಿಂದ ಮಾನ ಹೆಚ್ಚಲಿಲ್ಲ. ಒಬ್ಬ ಸತ್ತ ಸೈನಿಕನ ಹೆಸರು ಅಂಥ ಜಗಳದ ನಡುವೆ ಸಿಕ್ಕಿಕೊಳ್ಳುವುದನ್ನು ಅವನ ತಾಯಿ ನೋಡಬಾರದು.

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಈ ತೊಂದರೆ ಕಡಿಮೆ. ಇಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಂದು ಮನೆ ಗುಡ್ಡದ ಬುಡದಲ್ಲಿ, ಇನ್ನೊಂದು ಹೊಳೆಯ ಬದಿಯ ಅಡಿಕೆ ತೋಟದ ಆಚೆ. ವಿಳಾಸ ಎಂದರೆ ಮನೆಯ ಹೆಸರು, ಗ್ರಾಮ, ಅಂಚೆ. ರಸ್ತೆಗೆ ಹೆಸರೇ ಇಲ್ಲ. "ಅಂಗನವಾಡಿ ಕಳೆದ ಮೇಲೆ ಎಡಕ್ಕೊಂದು ಕಾಂಕ್ರೀಟು ರಸ್ತೆ ಇಳಿಯುತ್ತದೆ ಮಾರಾಯ್ರೆ, ಅದರಲ್ಲೇ ಹೋಗಿ, ಕೆಳಗೆ ಒಂದು ಮೋರಿ ಸಿಗುತ್ತದೆ, ಅಲ್ಲಿ ಕೇಳಿ" ಎಂದು ದಾರಿ ಹೇಳುತ್ತಾರೆ. ಪಂಚಾಯತ್‌ನ ಕಾಮಗಾರಿ ಪಟ್ಟಿಯಲ್ಲಿ ಅದೇ ರಸ್ತೆ ಯಾರದೋ ಮನೆ ಬಳಿಯಿಂದ ಯಾರದೋ ಮನೆವರೆಗೆ ಎಂದು ಬರೆಯಲ್ಪಟ್ಟಿರುತ್ತದೆ. ಇಂಥ ಕಡೆ ಹೊಸ ಹೆಸರು ಯಾವ ಹಳೆಯ ಹೆಸರನ್ನೂ ತಳ್ಳಬೇಕಾಗಿಲ್ಲ. ಖಾಲಿ ಜಾಗದಲ್ಲಿ ಬಂದು ಕೂರುತ್ತದೆ. ಸಾಮಾನು ತಲುಪಿಸುವ ಹುಡುಗರಿಗೂ, ರಾತ್ರಿ ಹೊತ್ತು ಬರುವ ಆಂಬುಲೆನ್ಸಿಗೂ ಅದರಿಂದ ಉಪಕಾರವೇ.

ಆದರೂ ಒಂದು ಸೂಕ್ಷ್ಮವಿದೆ. ನಮ್ಮ ಕಡೆಯ ಬಹುಪಾಲು ಒಳರಸ್ತೆಗಳು ಯಾರದ್ದೋ ವರ್ಗ ಜಾಗದಲ್ಲಿ ಹಾದುಹೋಗುತ್ತವೆ. ನಾಲ್ಕು ಅಡಿಕೆ ಮರ ಕಡಿಸಿ, ಅಗಳು ತುಂಬಿಸಿ, ಬೇಲಿ ಹಿಂದೆ ಸರಿಸಿ, ದುಡ್ಡು ಕೇಳದೆ ಜಾಗ ಬಿಟ್ಟುಕೊಟ್ಟವರಿದ್ದಾರೆ. ಕೆಲವರಿಗೆ ಅದು ತಮ್ಮ ತಂದೆಯ ಕಾಲದಲ್ಲಿ ಕೊಟ್ಟ ದಾರಿ ಎಂಬ ಅಭಿಮಾನವಿರುತ್ತದೆ. ಅವರನ್ನು ಕೇಳದೆ ಫಲಕ ನೆಟ್ಟರೆ ಮನಸ್ತಾಪ ಖಂಡಿತ. ಕೇಳಿದರೆ ಬೇಡ ಎನ್ನುವವರು ಕಡಿಮೆ ಎಂದು ನನ್ನ ನಂಬಿಕೆ. ಜಾಗ ಕೊಟ್ಟವರ ಹೆಸರನ್ನೂ ಅದೇ ಕಲ್ಲಿನ ಕೆಳಗೆ ಒಂದು ಸಾಲಿನಲ್ಲಿ ಬರೆಯಬಹುದು. ಒಬ್ಬ ಜೀವ ಕೊಟ್ಟ, ಇನ್ನೊಬ್ಬ ನೆಲ ಕೊಟ್ಟ. ಎರಡೂ ಊರಿಗೆ ಕೊಟ್ಟದ್ದೇ.

ಯಾರ ಹೆಸರು ಎಂಬ ಪ್ರಶ್ನೆ ಬಂದಾಗ ನಾನು ಕೈ ಬಿಚ್ಚಿ ಕೊಡಬೇಕೆನ್ನುವವನು. ಸೇನೆ ತನ್ನ ಲೆಕ್ಕಕ್ಕೆ ಯುದ್ಧ ಸಾವುನೋವು ಬೇರೆ, ಇತರ ಕಾರಣಗಳ ಸಾವು ಬೇರೆ ಎಂದು ವಿಂಗಡಿಸುತ್ತದೆ. ಪಿಂಚಣಿ, ಪರಿಹಾರಗಳಿಗೆ ಆ ವಿಂಗಡಣೆ ಬೇಕಾಗಬಹುದು. ಊರಿಗೆ ಅದು ಬೇಡ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಆರು ದಿನ ಹಿಮದಡಿ ಜೀವ ಹಿಡಿದಿದ್ದರು. ಹೊರಗೆ ತೆಗೆದ ಮೇಲೆ ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಕುಂದಾಪುರದ ಬೀಜಾಡಿಯ ಅನೂಪ್ ಪೂಜಾರಿ 2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಬಿದ್ದಾಗ ಹೋದರು. ಜೊತೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಯೋಧರೂ ಹೋದರು. ಏಕನಾಥ ಶೆಟ್ಟಿಯವರದ್ದು ವಿಮಾನ ದುರಂತ. ಇವರಲ್ಲಿ ಯಾರೂ ಊರಲ್ಲೇ ಉಳಿದಿದ್ದರೆ ಆ ಜಾಗದಲ್ಲಿ ಆ ಹೊತ್ತಿಗೆ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಗುಡಿಗೆರೆಯ ಎಚ್. ಗುರು 2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ ಬಲಿಯಾದ 40 ಮಂದಿಯಲ್ಲಿ ಒಬ್ಬರು. ಅವರು ಸಿಆರ್‌ಪಿಎಫ್‌ನವರು. ಸಿಆರ್‌ಪಿಎಫ್, ಬಿಎಸ್‌ಎಫ್‌ಗಳು ಗೃಹ ಸಚಿವಾಲಯದ ಕೆಳಗೆ ಬರುತ್ತವೆ. ಅವರಿಗೆ ಗೌರವ ಸಲ್ಲುವುದು ದೆಹಲಿಯ ಚಾಣಕ್ಯಪುರಿಯ ಪೊಲೀಸ್ ಸ್ಮಾರಕದಲ್ಲಿ. ಸರಕಾರದ ಇಲಾಖೆಗಳು ಎರಡಾಗಿರಬಹುದು, ಊರಿನ ಪಟ್ಟಿ ಎರಡಾಗಬೇಕಿಲ್ಲ. ನಮ್ಮ ತಾಲೂಕುಗಳಲ್ಲಿ ಪಟ್ಟಿ ಮಾಡುವಾಗ ಅರೆಸೇನಾ ಪಡೆಗಳವರನ್ನು ಮರೆಯಬಾರದು. 1962, 1965, 1971ರ ಹಳೆಯ ಹೆಸರುಗಳನ್ನೂ ಹುಡುಕಬೇಕು. ಆ ಕಾಲದಲ್ಲಿ ಟಿವಿ ಇರಲಿಲ್ಲ, ಮೆರವಣಿಗೆ ಇರಲಿಲ್ಲ. ಅಂಚೆಯವನು ಒಂದು ತಂತಿ ತಂದುಕೊಟ್ಟು ಹೋಗುತ್ತಿದ್ದ, ಅಷ್ಟೇ. ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ದಾಖಲೆಗಳಿರುತ್ತವೆ. ಮಾಜಿ ಸೈನಿಕರ ಸಂಘದವರಿಗೆ ಹಿರಿಯರ ನೆನಪಿರುತ್ತದೆ. ಇವೆರಡನ್ನೂ ಸೇರಿಸಿ ಗ್ರಾಮವಾರು ಪಟ್ಟಿ ಮಾಡುವುದು ಮೊದಲ ಕೆಲಸ. ದೇವಯ್ಯನವರಿಗೆ 23 ವರ್ಷ ಬೇಕಾದದ್ದು ದಾಖಲೆ ಇಲ್ಲದ್ದರಿಂದ ಎಂಬುದನ್ನು ಮರೆಯಬಾರದು.

ಕ್ರಮ ಹೇಗೆ? ಮಾಣಿ–ಮೈಸೂರು ರಸ್ತೆಯಂಥ ರಾಷ್ಟ್ರೀಯ ಹೆದ್ದಾರಿಗೆ ಹೆಸರಿಡುವುದು ಪಂಚಾಯತ್‌ನ ಕೈಯಲ್ಲಿಲ್ಲ. ಲೋಕೋಪಯೋಗಿ ಇಲಾಖೆಯ ರಸ್ತೆಗೆ ಸರಕಾರದ ಮಟ್ಟದಲ್ಲಿ ಓಡಾಡಬೇಕು. ಪುತ್ತೂರು ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತ್‌ಗಳ ವ್ಯಾಪ್ತಿಯಲ್ಲಾದರೆ ಸಭೆಯ ನಿರ್ಣಯ, ಸಾರ್ವಜನಿಕ ಆಕ್ಷೇಪಣೆಗೆ ಅವಕಾಶ, ಮೇಲಿನ ಒಪ್ಪಿಗೆ ಎಂಬ ಮೆಟ್ಟಿಲುಗಳಿವೆ. ಗ್ರಾಮ ಪಂಚಾಯತ್ ರಸ್ತೆಗೆ ದಾರಿ ಎಲ್ಲಕ್ಕಿಂತ ಹತ್ತಿರ. ವಾರ್ಡ್ ಸಭೆಯಲ್ಲಿ ವಿಷಯ ಎತ್ತಬೇಕು, ಗ್ರಾಮಸಭೆಯಲ್ಲಿ ಒಪ್ಪಿಗೆಯಾಗಬೇಕು, ಪಂಚಾಯತ್‌ನ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿ ಪುಸ್ತಕಕ್ಕೆ ಏರಬೇಕು. ಸಣ್ಣ ರಸ್ತೆಯನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಊರಿನವರ ಕೈಯಲ್ಲೇ ಮುಗಿಯುವ ಕೆಲಸ.

ರಸ್ತೆ ಬದಿ ಪ್ರತಿಮೆ ನಿಲ್ಲಿಸೋಣ ಎಂಬ ಉತ್ಸಾಹವೂ ಕೆಲವೊಮ್ಮೆ ಬರುತ್ತದೆ. ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯ ಸರಕಾರಗಳಿಗೆ ಆದೇಶಿಸಿದೆ. ಹೆಸರಿಗೆ ಆ ಅಡ್ಡಿಯಿಲ್ಲ, ಖರ್ಚೂ ಇಲ್ಲ.

ಇನ್ನು ಕಲ್ಲು. ನಾಮಫಲಕವೆಂದರೆ ಎರಡು ಕಬ್ಬಿಣದ ಕಂಬದ ನಡುವೆ ತಗಡು ಬಡಿದು ಬಣ್ಣದಲ್ಲಿ ಬರೆಸುವುದು ರೂಢಿ. ನಮ್ಮ ಮಳೆಗೆ ಅದು ಎಷ್ಟು ವರ್ಷ? ಎರಡು ಮಳೆಗಾಲಕ್ಕೆ ತುಕ್ಕು ಅಕ್ಷರಗಳನ್ನು ತಿನ್ನುತ್ತದೆ, ಬಳ್ಳಿ ಮೇಲೆ ಹಬ್ಬುತ್ತದೆ, ಯಾವುದೋ ಲಾರಿ ಹಿಂದಕ್ಕೆ ಬರುವಾಗ ಕಂಬ ವಾಲುತ್ತದೆ. ವಾಲಿದ ಫಲಕದಲ್ಲಿ ಅರ್ಧ ಅಳಿಸಿದ ಯೋಧನ ಹೆಸರು ಇರುವುದಕ್ಕಿಂತ ಇಲ್ಲದಿರುವುದು ಮೇಲು. ಫ್ಲೆಕ್ಸ್ ಅಂತೂ ಬೇಡವೇ ಬೇಡ. ಊರಿನ ಮುರಕಲ್ಲು ಗೋಡೆಗೆ ಆಗುತ್ತದೆ, ಅಕ್ಷರಕ್ಕೆ ಆಗುವುದಿಲ್ಲ. ಅದರ ತೂತುತೂತಾದ ಮೈಯಲ್ಲಿ ಕೆತ್ತಿದ ಗೆರೆ ನಿಲ್ಲದೆ ಉದುರುತ್ತದೆ. ಮುರಕಲ್ಲಿನ ಒಂದು ಕಟ್ಟೆ ಕಟ್ಟಿ, ಅದರ ಮೇಲೆ ಕಾರ್ಕಳದ ಕಡೆಯ ಗಟ್ಟಿ ಶಿಲೆಯ ಚಪ್ಪಡಿ ನಿಲ್ಲಿಸಿ, ಬೆರಳಿಟ್ಟರೆ ತಿಳಿಯುವಷ್ಟು ಆಳಕ್ಕೆ ಅಕ್ಷರ ಹೊಡೆಸಬೇಕು. ಬಣ್ಣ ಹೋದರೂ ಓದಲಿಕ್ಕೆ ಬರಬೇಕು. ಕಟ್ಟೆ ಕೂರುವಷ್ಟು ಅಗಲವಿದ್ದರೆ ಇನ್ನೂ ಒಳ್ಳೆಯದು. ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು ಅಲ್ಲಿ ಕೂರಲಿ, ಸರ್ವಿಸ್ ಜೀಪಿಗೆ ಕಾಯುವ ಹೆಂಗಸರು ಚೀಲ ಇಡಲಿ. ಮಕ್ಕಳು ಕೂರುವ ಕಲ್ಲಿನ ಹೆಸರನ್ನು ಮಕ್ಕಳು ಮರೆಯುವುದಿಲ್ಲ.

ಅದರಲ್ಲಿ ಏನು ಬರೆಯಬೇಕೆಂಬುದು ಮುಖ್ಯ. ವೀರ, ಧೀರ, ಅಮರ ಎಂಬ ವಿಶೇಷಣಗಳ ಸಾಲು ಬೇಡ. ಹೆಸರು, ದರ್ಜೆ, ಯಾವ ರೆಜಿಮೆಂಟು. ಯಾರ ಮಗ ಅಥವಾ ಮಗಳು. ಯಾವ ಶಾಲೆಯಲ್ಲಿ ಓದಿದ್ದು. ಎಲ್ಲಿ, ಯಾವ ದಿನ, ಏನು ಮಾಡುತ್ತಿರುವಾಗ ಜೀವ ಹೋಯಿತು. ಐದಾರು ಸಾಲಿನಲ್ಲಿ ಇಷ್ಟನ್ನು ಹೇಳಬಹುದು. ಓದಿದ ಮಗುವಿಗೆ "ಇವರು ನಮ್ಮ ಶಾಲೆಯಲ್ಲೇ ಓದಿದ್ದಂತೆ" ಎಂದು ಗೊತ್ತಾಗಬೇಕು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತರು ಎಂಬ ಪಟ್ಟಿ ಆ ಕಲ್ಲಿನಲ್ಲಿ ಇರಕೂಡದು. ಎಷ್ಟೋ ಕಡೆ ನೋಡಿದ್ದೇನೆ, ಸ್ಮರಿಸಬೇಕಾದವರ ಹೆಸರು ಒಂದು ಸಾಲು, ಸ್ಮರಿಸಲು ಬಂದವರ ಹೆಸರು ಹನ್ನೆರಡು ಸಾಲು. ಬಂದವರಿಗೆ ಗೌರವ ಕೊಡಲು ಆಮಂತ್ರಣ ಪತ್ರಿಕೆಯಿದೆ.

ರಸ್ತೆಯೂ ಸರಿಯಾಗಿರಬೇಕು. ಉತ್ತರ ಪ್ರದೇಶ ಸರಕಾರ 2020ರಲ್ಲಿ ಜೈ ಹಿಂದ್ ವೀರ ಪಥ ಎಂಬ ಯೋಜನೆ ಪ್ರಕಟಿಸಿತು. ಹುತಾತ್ಮರಾದ ಯೋಧರ ಮನೆಗೆ ಹೋಗುವ ರಸ್ತೆಯನ್ನು ಕಟ್ಟಿಸಿ ಅದಕ್ಕೆ ಅವರ ಹೆಸರಿಡುವ ಆಲೋಚನೆ ಅದರಲ್ಲಿದೆ. ಮೊದಲು ದಾರಿ, ಮೇಲೆ ಹೆಸರು. ನಮ್ಮ ಕಡೆ ಮಳೆಗಾಲದಲ್ಲಿ ಮಣ್ಣಿನ ರಸ್ತೆ ಹೇಗಿರುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ. ಯೋಧನ ವಯಸ್ಸಾದ ತಾಯಿಯನ್ನು ಜ್ವರ ಬಂದಾಗ ಕುರ್ಚಿಯಲ್ಲಿ ಕೂರಿಸಿ ಹೊತ್ತು ಮುಖ್ಯರಸ್ತೆಗೆ ತರಬೇಕಾದ ಊರಿನಲ್ಲಿ, ಆ ಮುಖ್ಯರಸ್ತೆಯ ಬದಿಯಲ್ಲಿ ಮಗನ ಹೆಸರಿನ ಫಲಕ ಹೊಳೆಯುತ್ತಿದ್ದರೆ ಅದು ಆ ತಾಯಿಗೆ ಮಾಡಿದ ಅವಮಾನ. ಕಾರವಾರದ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆಯವರಿಗೆ ಪರಮವೀರ ಚಕ್ರ ಬಂದದ್ದು ರಸ್ತೆ ತೆರೆದದ್ದಕ್ಕೆ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿ ಕಡೆಗಿನ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆಯುತ್ತ, ಉರುಳಿಸಿದ ಮರಗಳನ್ನು ಸರಿಸುತ್ತ, ಗಾಯವಾದ ಮೇಲೂ ಬಿಡದೆ, ಒಂದು ಹಂತದಲ್ಲಿ ಟ್ಯಾಂಕಿನ ಅಡಿಯಲ್ಲಿ ತೆವಳಿಕೊಂಡು ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಡುತ್ತ ಅವರು ಸೇನೆಗೆ ದಾರಿ ಮಾಡಿಕೊಟ್ಟರು. ಬದುಕಿ ಉಳಿದು ಆ ಪದಕ ಪಡೆದ ಮೊದಲಿಗರಲ್ಲಿ ಅವರೂ ಒಬ್ಬರು. ಪರಮವೀರರ ಹೆಸರನ್ನು 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಇಟ್ಟಾಗ ರಾಣೆಯವರ ಹೆಸರೂ ಒಂದು ದ್ವೀಪಕ್ಕೆ ಬಂತು. ಸೈನಿಕರು ನಮಗಾಗಿ ಕಡಿದಾದ ಜಾಗಗಳಲ್ಲಿ ರಸ್ತೆ ತೆರೆದಿದ್ದಾರೆ. ಅವರ ಮನೆಗೆ ಮುನ್ನೂರು ಮೀಟರ್ ಕಾಂಕ್ರೀಟು ಹಾಕುವುದು ಪಂಚಾಯತ್‌ಗೆ ಭಾರವಾಗಬಾರದು.

ಇದೆಲ್ಲಕ್ಕಿಂತ ಮುಂಚೆ ಮನೆಯವರನ್ನು ಕೇಳಬೇಕು. ಪಂಚಾಯತ್ ಕಚೇರಿಗೆ ಕರೆಸಿಕೊಂಡು ಕೇಳುವುದಲ್ಲ. ಊರಿನ ಇಬ್ಬರು ಹಿರಿಯರು ಅವರ ಜಗಲಿಯಲ್ಲಿ ಕೂತು ಕೇಳಬೇಕು. ಕೆಲವು ತಾಯಂದಿರಿಗೆ ಮನೆಯಿಂದ ಹೊರಟಾಗಲೆಲ್ಲ ಮಗನ ಹೆಸರು ಕಣ್ಣಿಗೆ ಬೀಳುವುದು ಸಮಾಧಾನ. ಕೆಲವರಿಗೆ ಅದು ತಡೆಯಲಾಗದ ಸಂಕಟ. ಸಂಕಟ ಎನ್ನುವವರ ಮಾತಿಗೆ ಬೆಲೆ ಕೊಟ್ಟು ಅವನು ಓದಿದ ಶಾಲೆಯ ರಸ್ತೆಗೋ, ಅವನು ಆಡಿದ ಮೈದಾನದ ರಸ್ತೆಗೋ ಹೆಸರಿಡಬಹುದು.

ಕಾರ್ಗಿಲ್ ವಿಜಯ ದಿನ ಜುಲೈ 26. ನಮ್ಮ ಕಡೆ ಅದು ಆಟಿ ತಿಂಗಳ ಒಳಗೆ ಬರುತ್ತದೆ. ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ತಿಂಗಳು ಅದು. ದೇಶ ನೆನೆಯುವ ದಿನವೂ ತುಳುನಾಡು ತನ್ನವರನ್ನು ನೆನೆಯುವ ಕಾಲವೂ ಒಂದೇ ಕಡೆ ಕೂಡಿಬಂದಿವೆ. ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕದಲ್ಲಿ ಆ ದಿನ ಹೂಮಾಲೆ ಇಡುತ್ತಾರೆ. ಹಳ್ಳಿಯ ಶಾಲೆಯವರು ಮಕ್ಕಳನ್ನು ಕರೆದುಕೊಂಡು ಹೋಗಿ ತಮ್ಮೂರಿನ ಕಲ್ಲಿನ ಪಾಚಿ ಉಜ್ಜಿ, ಸುತ್ತಲಿನ ಹುಲ್ಲು ಕೆರೆದು, ಅದರ ಮೇಲಿನ ಐದಾರು ಸಾಲನ್ನು ಗಟ್ಟಿಯಾಗಿ ಓದಿಸಿದರೆ ಸಾಕು. ಮೈಕ್ ಬೇಡ, ಪೆಂಡಾಲ್ ಬೇಡ.

ಕೊನೆಯದಾಗಿ ಪಿಡಿಒಗಳಿಗೊಂದು ಮಾತು. ನಿರ್ಣಯ ಪುಸ್ತಕದಲ್ಲಿ ಬರೆದು ಮುಚ್ಚಿಟ್ಟರೆ ಹೆಸರು ಅಲ್ಲೇ ಉಳಿಯುತ್ತದೆ. ಅದರ ಪ್ರತಿಯನ್ನು ಅಂಚೆ ಕಚೇರಿಗೆ ಕೊಡಿ, ಮೆಸ್ಕಾಂ ಶಾಖಾ ಕಚೇರಿಗೆ ಕೊಡಿ, ಶಾಲೆಗೆ, ಆರೋಗ್ಯ ಕೇಂದ್ರಕ್ಕೆ, ಸಹಕಾರ ಸಂಘಕ್ಕೆ ಕೊಡಿ. ಪಂಚಾಯತ್‌ನ ರಸ್ತೆ ವಹಿಯಲ್ಲಿ ಹಳೆಯ ವಿವರದ ಜಾಗದಲ್ಲಿ ಹೊಸ ಹೆಸರು ಬರಲಿ. ಮುಂದಿನ ಸಲ ಅದೇ ರಸ್ತೆಯ ದುರಸ್ತಿಗೆ ಅಂದಾಜು ಪಟ್ಟಿ ಮಾಡುವಾಗ ಎಂಜಿನಿಯರು ಕಾಮಗಾರಿಯ ಹೆಸರಿನ ಕಾಲಂನಲ್ಲಿ ಯೋಧನ ಹೆಸರನ್ನೇ ಬರೆಯಲಿ. ಮೊಬೈಲಿನ ನಕ್ಷೆಗೆ ಆ ಹೆಸರನ್ನು ಸೇರಿಸುವ ಕೆಲಸವನ್ನು ಊರಿನ ಕಾಲೇಜು ಹುಡುಗ ಹುಡುಗಿಯರು ಒಂದು ಸಂಜೆಯಲ್ಲಿ ಮಾಡಿ ಮುಗಿಸುತ್ತಾರೆ, ಅವರಿಗೆ ಹೇಳಿ. ಆ ರಸ್ತೆಯ ಮನೆಗಳವರು ಮುಂದಿನ ಮದುವೆಯ ಕಾಗದದಲ್ಲಿ, ಗೃಹಪ್ರವೇಶದ ಆಮಂತ್ರಣದಲ್ಲಿ ಅದೇ ವಿಳಾಸವನ್ನು ಅಚ್ಚು ಹಾಕಿಸಲಿ.